ಖಬರ್ ಇತ್ತು, ಎಚ್ಚರವಿರಲಿಲ್ಲ

ಉರ್ದುವಿನಲ್ಲಿ ಖಬರ್ ಎಂದರೆ ಸುದ್ದಿ. ಎಚ್ಚರ, ಪ್ರಜ್ಞೆ ಎಂಬ ಅರ್ಥವೂ ಅದಕ್ಕಿದೆ. ನಮ್ಮ ಉತ್ತರ ಕರ್ನಾಟಕದವರು ಮೈಮರೆತವನನ್ನು ಕಂಡು 'ಅವನಿಗೆ ಖಬರಿಲ್ಲ' ಎನ್ನುವುದು ಈ ಅರ್ಥದಲ್ಲಿಯೇ. ಟಿಮ್ ಫೆಲ್‌ಬಾಮ್ ನಿರ್ದೇಶನದ 'ಸೆಪ್ಟೆಂಬರ್ 5' (2024) ಚಿತ್ರ ನೋಡಿದಾಗ ಈ ಪದದ ಎರಡು ಅರ್ಥಗಳ ನಡುವಿನ ಕಂದಕ ನನ್ನ ಕಣ್ಣಿಗೆ ಬಿತ್ತು.

ಚಿತ್ರ ಬಹುಪಾಲು ನಡೆಯುವುದು ಅಮೆರಿಕದ ಎಬಿಸಿ ವಾಹಿನಿಯ ನಿಯಂತ್ರಣ ಕೊಠಡಿಯಲ್ಲಿ. ಕಾಲ 1972, ಮ್ಯೂನಿಕ್ ಒಲಿಂಪಿಕ್ಸ್. 'ಬ್ಲ್ಯಾಕ್ ಸೆಪ್ಟೆಂಬರ್' ಸಂಘಟನೆಯ ಎಂಟು ಬಂದೂಕುಧಾರಿಗಳು ಕ್ರೀಡಾಗ್ರಾಮದ ಇಸ್ರೇಲಿ ತಂಡದ ವಸತಿಗೆ ನುಗ್ಗಿದ್ದಾರೆ. ಆಟ ತೋರಿಸಲು ಬಂದವರು ಈಗ ಸಾವನ್ನು ತೋರಿಸಬೇಕಾಗಿದೆ. ಪೊಲೀಸರು ಮಾಡು ಹತ್ತುವ ದೃಶ್ಯ ನೇರ ಪ್ರಸಾರವಾಗುತ್ತಿರುವಾಗ, ಒಳಗಿನ ಬಂದೂಕುಧಾರಿಗಳೂ ಇದನ್ನೇ ನೋಡುತ್ತಿರಬಹುದೆಂದು ಕೊಠಡಿಯವರಿಗೆ ಹೊಳೆಯುವ ಗಳಿಗೆ ಎದೆ ನಡುಗಿಸುತ್ತದೆ.

ಚಿತ್ರದ ಬಿಗಿಗೆ ನನ್ನ ಮೆಚ್ಚುಗೆಯಿದೆ. ತಕರಾರು ಇರುವುದು ಅದು ಕೇಳುವ ಪ್ರಶ್ನೆಯ ಬಗ್ಗೆ. 'ಕ್ಯಾಮೆರಾ ಏನು ತೋರಿಸಬಾರದಿತ್ತು?' ಎಂದು ಅದು ಕೇಳುತ್ತದೆ. ಆ ವಸತಿಯ ವಿದ್ಯುತ್ತನ್ನು ಕಡಿಯುವುದು ಯಾರ ಕೆಲಸವಾಗಿತ್ತು?

ಹಿಟ್ಲರನ 1936ರ ಬರ್ಲಿನ್ ಒಲಿಂಪಿಕ್ಸ್ ನೆನಪನ್ನು ಅಳಿಸಲು ಪಶ್ಚಿಮ ಜರ್ಮನಿ ನಗುನಗುವ ಕ್ರೀಡಾಕೂಟ ಮಾಡಹೊರಟಿತ್ತು. ಕಾವಲಿನವರಿಗೆ ತಿಳಿನೀಲಿ ಸಮವಸ್ತ್ರವಿತ್ತು, ಬಂದೂಕಿರಲಿಲ್ಲ. ಬೇಲಿಯ ಎತ್ತರ ಸುಮಾರು ಎರಡು ಮೀಟರ್. ಆಶಯ ಒಳ್ಳೆಯದೇ. ಆದರೆ ಪೊಲೀಸ್ ಮನೋವಿಜ್ಞಾನಿ ಗೇಯೋರ್ಗ್ ಸೀಬರ್ ತಾವು ಮೊದಲೇ ಬರೆದುಕೊಟ್ಟಿದ್ದ 26 ಅಪಾಯದ ಸನ್ನಿವೇಶಗಳಲ್ಲಿ 21ನೆಯದು ಹೆಚ್ಚುಕಡಿಮೆ ಹೀಗೆಯೇ ಇತ್ತೆಂದು ನಂತರ ಹೇಳಿದರು. ಬೈರೂತಿನ ಜರ್ಮನ್ ರಾಯಭಾರ ಕಚೇರಿಯಿಂದ ಆಗಸ್ಟ್ ನಡುವಿನಲ್ಲೇ ಎಚ್ಚರಿಕೆ ಬಂದಿತ್ತು, ವಿದೇಶಾಂಗ ಇಲಾಖೆ ಅದನ್ನು ಬವೇರಿಯಾದ ಗುಪ್ತಚರರಿಗೆ ಕಳಿಸಿತ್ತು ಎಂದು 'ಡೆರ್ ಸ್ಪೀಗಲ್' ಪತ್ರಿಕೆ 2012ರಲ್ಲಿ ಬಯಲು ಮಾಡಿತು. ಕಾಗದ ನಡೆಯಿತು, ಮನುಷ್ಯರು ಕದಲಲಿಲ್ಲ.

ಕೆವಿನ್ ಮ್ಯಾಕ್‌ಡೊನಾಲ್ಡ್ ಅವರ ಸಾಕ್ಷ್ಯಚಿತ್ರ 'ಒನ್ ಡೇ ಇನ್ ಸೆಪ್ಟೆಂಬರ್' (1999) ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ. ಅದು ನಮ್ಮನ್ನು ಫ್ಯೂರ್ಸ್ಟೆನ್‌ಫೆಲ್ಡ್‌ಬ್ರುಕ್ ವಿಮಾನನೆಲೆಗೆ ಕರೆದೊಯ್ಯುತ್ತದೆ. ಅಲ್ಲಿ ಎಂಟು ಜನರ ಎದುರು ಐವರು ಗುರಿಕಾರರು. ಅವರ ಬಳಿ ಪರಸ್ಪರ ಮಾತಾಡಲು ರೇಡಿಯೋ ಕೂಡ ಇರಲಿಲ್ಲ. ಬಂದೂಕುಧಾರಿಗಳು ಎಂಟು ಮಂದಿ ಎಂಬುದು ಕ್ರೀಡಾಗ್ರಾಮದಿಂದ ಹೊರಡುವಾಗಲೇ ಕಂಡಿದ್ದರೂ ಆ ಎಣಿಕೆ ಗುರಿಕಾರರನ್ನು ತಲುಪಲಿಲ್ಲ. ವಿಮಾನದೊಳಗೆ ಅಡಗಿದ್ದ ಪೊಲೀಸರು ಕೊನೇ ಗಳಿಗೆಯಲ್ಲಿ ತಾವೇ ತೀರ್ಮಾನಿಸಿ ಇಳಿದುಹೋದರು. ಕವಚವಾಹನಗಳು ದಾರಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡವು. ಇಸ್ರೇಲಿ ತಂಡದ ಹನ್ನೊಂದು ಮಂದಿ, ಒಬ್ಬ ಜರ್ಮನ್ ಪೊಲೀಸ್ ಪ್ರಾಣ ಕಳೆದುಕೊಂಡರು. ದಾಳಿಕೋರರಲ್ಲಿ ಐವರು ಸತ್ತರು.

ನಿರಾಯುಧ ಕ್ರೀಡಾಪಟುಗಳ ಕೊಲೆಗೆ ಯಾವ ನ್ಯಾಯದ ಹೋರಾಟವೂ ಸಮರ್ಥನೆಯಾಗಲಾರದು. ಇದನ್ನು ನಾವು ತಡವರಿಸದೆ ಹೇಳಬೇಕು. ಹಾಗೆ ಹೇಳಿದ ಮೇಲೆ ಇನ್ನೊಂದು ಮಾತೂ ಉಳಿಯುತ್ತದೆ.

'ಸೆಪ್ಟೆಂಬರ್ 5' ಆ ರಾತ್ರಿಗೆ ಮುಗಿಯುತ್ತದೆ. ಚರಿತ್ರೆ ಮುಗಿಯುವುದಿಲ್ಲ. ಜರ್ಮನಿ ಕೆಲವೇ ವಾರಗಳಲ್ಲಿ ಜಿಎಸ್‌ಜಿ 9 ಎಂಬ ವಿಶೇಷ ಪಡೆ ಕಟ್ಟಿತು. ಅದು ತಪ್ಪಿನಿಂದ ಕಲಿತ ಪಾಠ. ಆದರೆ ಅಕ್ಟೋಬರಿನಲ್ಲಿ ಪ್ಯಾಲೆಸ್ತೀನಿ ವಿದ್ಯಾರ್ಥಿಗಳ ಮತ್ತು ಕಾರ್ಮಿಕರ ಸಂಘಗಳನ್ನು ನಿಷೇಧಿಸಿತು, ನೂರಾರು ಅರಬರನ್ನು ದೇಶದಿಂದ ಹೊರಗಟ್ಟಿತು. ಕಚೇರಿಯಿಂದ ಕಚೇರಿಗೆ ಎಚ್ಚರ ದಾಟದೆ ಹೋದ ತಪ್ಪಿಗೆ, ಆ ಕೃತ್ಯದೊಂದಿಗೆ ಸಂಬಂಧವೇ ಇಲ್ಲದವರ ಹೆಸರು ಮತ್ತು ಹುಟ್ಟಿದ ಊರು ದಂಡ ತೆತ್ತವು.

ಸತ್ತವರ ಕುಟುಂಬಗಳಾದರೂ ಸತ್ಯಕ್ಕಾಗಿ ಐವತ್ತು ವರ್ಷ ಬಾಗಿಲು ತಟ್ಟಬೇಕಾಯಿತು. 2022ರಲ್ಲಿ ಜರ್ಮನ್ ಅಧ್ಯಕ್ಷ ಸ್ಟೈನ್‌ಮೈಯರ್ ಕ್ಷಮೆ ಕೇಳಿದರು, 28 ಮಿಲಿಯನ್ ಯೂರೋ ಪರಿಹಾರಕ್ಕೆ ಸರ್ಕಾರ ಒಪ್ಪಿತು. ಗಡೀಪಾರಾದವರ ಕಥೆಗೆ ಮಾತ್ರ ಇಂಥ ಒಂದು ಕ್ಯಾಮೆರಾ ಇನ್ನೂ ಬೇಕಾಗಿದೆ.

ಎಚ್ಚರ ತಪ್ಪಿದ ಆಡಳಿತ ಮೊದಲು ಜನರನ್ನು ಕಾಯಲಾರದೆ ಹೋಗುತ್ತದೆ. ಆಮೇಲೆ ಜನರನ್ನೇ ಅನುಮಾನಿಸುತ್ತದೆ. ಅನುಮಾನಕ್ಕೆ ಶ್ರಮ ಬೇಡ. ಎಚ್ಚರಕ್ಕೆ ಬೇಕು.