ದೇವದುರ್ಗದ ಒಂಬತ್ತು ಅಕ್ಷರ

ಎ, ಇ, ಎಲ್, ಎಸ್, ಟಿ. ಇಂಗ್ಲಿಷಿನ ಈ ಐದು ಅಕ್ಷರಗಳಲ್ಲಿ ಒಂದನ್ನೂ ಬಿಡದೆ, ಹೊಸದೊಂದನ್ನೂ ಸೇರಿಸದೆ ಜೋಡಿಸಿದರೆ ಸ್ಲೇಟ್, ಅಂದರೆ ನಮ್ಮ ಪಾಟಿ. ಕಲೆಸಿ ಮತ್ತೆ ಜೋಡಿಸಿದರೆ ಸ್ಟೇಲ್, ಅಂದರೆ ತಂಗಳು. ಇನ್ನೊಮ್ಮೆ ಕಲೆಸಿದರೆ ಕಳವು ಮಾಡುವ ಸ್ಟೀಲ್ (ಪಾತ್ರೆಯ ಸ್ಟೀಲ್ ಬೇರೆ, ಅದಕ್ಕೆ ಇ ಎರಡು). ಲೀಸ್ಟ್ ಎಂದರೆ ಎಲ್ಲಕ್ಕಿಂತ ಕಡಿಮೆ, ಟೇಲ್ಸ್ ಎಂದರೆ ಕತೆಗಳು. ಸ್ಪೆಲಿಂಗ್ ಎಂದರೆ ಉರು ಹೊಡೆಯುವ ಶಿಕ್ಷೆ ಎಂದುಕೊಂಡ ಮಕ್ಕಳಿಗೆ ಈ ಐದನ್ನು ಚೀಟಿಯಲ್ಲಿ ಬರೆದುಕೊಟ್ಟು ನೋಡಿ. ಊಟಕ್ಕೆ ಕರೆದರೂ ಏಳುವುದಿಲ್ಲ.

ಈ ಹುಚ್ಚನ್ನು ಹಲಗೆಯ ಮೇಲಿನ ಆಟವಾಗಿಸಿದವನು ಅಮೆರಿಕದ ಆಲ್ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿ ಆತ. ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದ. ಆ ಲೆಕ್ಕದಿಂದಲೇ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳು ಹುಟ್ಟಿದವು. ಅದರಲ್ಲಿ ಇ 12, ಎಸ್ ಮಾತ್ರ 4. ಎಸ್ ಧಾರಾಳವಾಗಿದ್ದರೆ ಎಲ್ಲರೂ ಬಹುವಚನ ಮಾಡಿಕೊಂಡೇ ಗೆಲ್ಲುತ್ತಿದ್ದರು. ಕೈಯಲ್ಲಿನ ಏಳೂ ಬಿಲ್ಲೆಗಳನ್ನು ಒಂದೇ ಸಲ ಇಳಿಸಿದವರಿಗೆ 50 ಅಂಕ ಹೆಚ್ಚುವರಿ. ಅದಕ್ಕೇ ಪಳಗಿದ ಆಟಗಾರರು ಎ, ಇ, ಐ, ಎನ್, ಆರ್, ಎಸ್, ಟಿ ಕೈಗೆ ಬಂದರೆ ಹಿಗ್ಗುತ್ತಾರೆ. ಅದರಲ್ಲಿ ರಿಟೇನ್ಸ್ ಇದೆ, ರೆಟಿನಾಸ್ ಇದೆ, ನ್ಯಾಸ್ಟಿಯರ್ ಇದೆ.

ಆದರೆ ಅದು ಪಟ್ಟಿ ಕಂಠಪಾಠ ಮಾಡಿದವರ ಆಟ. ನನಗೆ ರುಚಿಸುವುದು ಊರ ಹೆಸರು. ಬಸ್ಸಿನ ಬೋರ್ಡು, ತಹಶೀಲ್ದಾರರ ಕಚೇರಿಯ ಫಲಕ, ಮೈಲಿಗಲ್ಲು, ಎಲ್ಲಿ ಇಂಗ್ಲಿಷ್ ಕಂಡರೂ ಅಲ್ಲೊಂದು ಆಟ ಸಿದ್ಧ. ನಿಯಮ ಎರಡೇ. ಹೆಸರಿನಲ್ಲಿ ಅಕ್ಷರ ಎಷ್ಟು ಸಲ ಇದೆಯೋ ಅದಕ್ಕಿಂತ ಹೆಚ್ಚು ಸಲ ಬಳಸಬಾರದು, ಕೆಲವನ್ನು ಬಿಟ್ಟರೆ ತಪ್ಪಿಲ್ಲ. ಹೈಸ್ಕೂಲು ಮೇಷ್ಟರಿಗೆ ಗೊತ್ತಿಲ್ಲದ ಪದವನ್ನು ಡಿಕ್ಷನರಿಯಿಂದ ಹೆಕ್ಕಿ ತರಬಾರದು.

ನಮ್ಮ ಸಿರವಾರದಿಂದಲೇ ಹೊರಡೋಣ. ಮಾನ್ವಿಯಿಂದ ಬೇರೆಯಾಗಿ ತಾಲ್ಲೂಕಾದ ಊರು, ಈ ಆಟದಲ್ಲಿ ಮಾತ್ರ ತುಸು ಬಡವ. ಎಸ್, ಐ, ಆರ್, ಡಬ್ಲ್ಯು, ಎ, ಆರ್ ಎಂಬ ಆರರಲ್ಲಿ ಆರ್ ಎರಡು ಸಲ ಬಂದು ದಾರಿಗೆ ಅಡ್ಡ ಮಲಗಿದೆ. ಮೊದಲ ಮೂರಕ್ಕೆ ಸರ್, ಉಳಿದ ಮೂರಕ್ಕೆ ವಾರ್, ಅಂದರೆ ಯುದ್ಧ. ಸರ್ ಮತ್ತು ವಾರ್ ಸೇರಿದರೆ ಯಾವ ಶಾಲೆಯ ಚಿತ್ರವೆಂದು ನಾನು ಹೇಳಲಾರೆ. ಸಮಾಧಾನಕ್ಕೆ ಸಾರಿ ಇದೆ, ಇಂಗ್ಲಿಷಿನವರು ನಮ್ಮಿಂದ ಒಯ್ದ ಸೀರೆ.

ಮಾನ್ವಿಯನ್ನು ಎರಡು ರೀತಿ ಬರೆಯುತ್ತಾರೆ. ಐದೇ ಅಕ್ಷರದಲ್ಲಿ ಬರೆದರೆ ಮೇನ್, ವೇನ್, ಜೊತೆಗೆ ನಿಜಾಮರ ಕಾಲದ ಅಮೀನ. ನಡುವೆ ಇನ್ನೊಂದು ಎ ಸೇರಿಸಿ ಮಾನವಿ ಮಾಡಿದಿರೋ, ಅದರೊಳಗಿಂದ ಮೇನಿಯಾ ಹೊರಬೀಳುತ್ತದೆ! ರಾಯಚೂರಿನಲ್ಲಿ ಚೇರ್ ಇದೆ. ಜಿಲ್ಲಾ ಕೇಂದ್ರದ ಹೊಟ್ಟೆಯಲ್ಲಿ ಕುರ್ಚಿ ಇರುವುದು ಯಾರಿಗೂ ಸುದ್ದಿಯಲ್ಲ ಬಿಡಿ.

ದೇವದುರ್ಗ ಮಾತ್ರ ನಿಧಿ. ಡಿ, ಇ, ವಿ, ಎ, ಡಿ, ಯು, ಆರ್, ಜಿ, ಎ ಎಂದು ಒಂಬತ್ತು. ಕಾಗದದ ಮೇಲೆ ಸಾಲಾಗಿ ಬರೆದು ದಿಟ್ಟಿಸಿದರೆ ಏನೂ ಕಾಣದು, ಏಕೆಂದರೆ ಕಣ್ಣು ಊರ ಹೆಸರನ್ನೇ ಓದುತ್ತಿರುತ್ತದೆ. ಆದ್ದರಿಂದ ಮೊದಲು ಸಾಲು ಮುರಿದು ಅಕ್ಷರಗಳನ್ನು ಸುತ್ತಲೂ ದುಂಡಗೆ ಬರೆಯಿರಿ. ಆಮೇಲೆ ಬಾಲ ಹುಡುಕಿ. ಇಂಗ್ಲಿಷ್ ಪದಗಳ ಬಾಲ ಸಾಮಾನ್ಯವಾಗಿ ಐಎನ್‌ಜಿ, ಇಆರ್ ಅಥವಾ ಇಡಿ. ಇಲ್ಲಿ ಇ, ಡಿ ಎರಡೂ ಇವೆ, ಎತ್ತಿ ಕೊನೆಗಿಡಿ. ಉಳಿದ ಏಳರಲ್ಲಿ ಜಿ ಪಕ್ಕಕ್ಕೆ ಯು ತನ್ನಿ. ಉಚ್ಚಾರಕ್ಕೆ ಬಾರದ ಆ ಯು ಕೂತದ್ದೇ ತಡ, ರೈಲಿನ ಗಾರ್ಡ್ ಎದ್ದು ನಿಲ್ಲುತ್ತಾನೆ. ಬಾಲ ಸೇರಿಸಿದರೆ ಗಾರ್ಡೆಡ್, ಕಾವಲಿರುವ ಎಂದರ್ಥ. ಏಳಕ್ಷರದ ಪದ, ಮಿಕ್ಕದ್ದು ವಿ ಮತ್ತು ಎ ಮಾತ್ರ. ಕೋಟೆಯನ್ನೇ ಹೆಸರಿಗಿಟ್ಟುಕೊಂಡ ಊರಿನೊಳಗೆ ಇದಕ್ಕಿಂತ ಒಪ್ಪುವ ಪದ ಇನ್ಯಾವುದು? ಉದ್ದದ ಪದಕ್ಕಿಂತ ಊರಿಗೊಪ್ಪುವ ಪದ ದೊಡ್ಡದು ಎಂಬುದು ನನ್ನ ಪಕ್ಷ. ಇಲ್ಲಿ ಎರಡೂ ಒಂದರಲ್ಲೇ ಸಿಕ್ಕಿವೆ. ಬ್ರಿಟಿಷರ ಕಾಲದ ಗೆಜೆಟಿಯರ್ ಇದೇ ಊರನ್ನು ದೇವ್‌ಡ್ರುಗ್ ಎಂಬಂತೆ ಬರೆಯಿತು: ಡಿ, ಇ, ಓ, ಡಿ, ಆರ್, ಯು, ಜಿ. ಎ ಹೋಯಿತು, ಕಾವಲೂ ಹೋಯಿತು. ಅದರಲ್ಲಿ ಸಿಗುವುದು ಸೋರೆ, ಕುಂಬಳಗಳ ಗೋರ್ಡ್, ಮತ್ತು ಕತ್ತೆಯಂತೆ ದುಡಿಯುವ ಡ್ರಜ್.

ಕನ್ನಡದಲ್ಲಿ ಈ ಆಟ ಇಷ್ಟು ಸಲೀಸಲ್ಲ. ಇಂಗ್ಲಿಷಿನ ಸ್ವರ ಒಂಟಿಯಾಗಿ ಅಲೆಯುತ್ತದೆ, ನಮ್ಮದು ವ್ಯಂಜನದ ಮೈಗೆ ಗುಣಿತವಾಗಿ ಅಂಟಿಕೊಂಡಿರುತ್ತದೆ. ಸಿರವಾರದ ದೀರ್ಘವನ್ನು ‘ವಾ’ದಿಂದ ಬಿಡಿಸಿ ‘ಸಿ’ಗೆ ಹಚ್ಚುವಂತಿಲ್ಲ. ಪತ್ರಿಕೆಗಳ ಪದಬಂಧದಲ್ಲೂ ಒಂದು ಮನೆಗೆ ಇಡೀ ಒಂದು ಅಕ್ಷರ, ಒತ್ತು ಗುಣಿತ ಸಮೇತ. ಹಾಗಿದ್ದೂ ಚೆಲುವಾದವು ಇವೆ: ವದನದ ಮೂರಕ್ಷರ ಹೊರಳಿಸಿದರೆ ಘಮಘಮಿಸುವ ದವನ, ಇನ್ನೊಮ್ಮೆ ಹೊರಳಿಸಿದರೆ ವನದ. ಹವನ, ವಹನ ಇನ್ನೊಂದು ಜೋಡಿ. ಗದಗ, ನವಜೀವನ, ವಿಕಟಕವಿ ಹಿಂದುಮುಂದಾದರೂ ಅವೇ. ಅಕ್ಷರದೊಂದಿಗೆ ಆಡುವುದು ನಮಗೆ ಹೊಸತೂ ಅಲ್ಲ. ಇಲ್ಲಿಂದ ಬಹುದೂರವೇನಲ್ಲದ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಎರಡನೆಯ ಪರಿಚ್ಛೇದದಲ್ಲಿ ಚಿತ್ರಕಾವ್ಯಕ್ಕೂ ಜಾಗ ಕೊಟ್ಟಿದೆ. ಎರಡು ಸಾಲಿನ ಅಕ್ಷರಗಳನ್ನು ಮೇಲೆ ಕೆಳಗೆ ಓರೆಯಾಗಿ ಓದಿಸುವ ಗೋಮೂತ್ರಿಕೆ ಆ ಜಾತಿಯದೇ.

ಈ ವಾರದ ಮನೆಗೆಲಸ ಲಿಂಗಸುಗೂರು: ಎಲ್, ಐ, ಎನ್, ಜಿ, ಎಸ್, ಯು, ಜಿ, ಯು, ಆರ್. ಇದರಲ್ಲೂ ಏಳಕ್ಷರದ ಒಂದು ಪದವಿದೆ, ಮಿಗುವುದು ಎಲ್ ಮತ್ತು ಒಂದು ಯು. ನಾರಾಯಣಪುರ ಜಲಾಶಯದ ಗೇಟು ಎತ್ತಿದ ದಿನ ಕೃಷ್ಣೆ ಹೇಗೆ ಬರುತ್ತಾಳೆ ಎಂಬುದೇ ಸುಳಿವು. ಮೊಬೈಲ್ ಕೇಳದೆ ಕಾಗದ, ಪೆನ್ಸಿಲ್ ಹಿಡಿದು ಕೂಡಿ. ಉತ್ತರ ಮುಂದಿನ ವಾರ.