ದಂಪತಿ, ಮನಿಯವರು, ಡೊಮೆಸ್ಟಿಕ್ ಪಾರ್ಟ್ನರ್: ಒಂದು ಪದವಿಮರ್ಶೆ

ಅಮೆರಿಕದ ಕಾಗದಪತ್ರಗಳಲ್ಲಿ ಬರುವ 'ಡೊಮೆಸ್ಟಿಕ್ ಪಾರ್ಟ್ನರ್' ಎಂಬುದನ್ನು ಕನ್ನಡದಲ್ಲಿ 'ಗೃಹ ಪಾಲುದಾರ' ಎಂದು ಬರೆದದ್ದನ್ನು ಕಂಡಿದ್ದೇನೆ. ಇದು ಅಂಗಡಿಯ ಭಾಷೆ. ನಮ್ಮ ಅಕ್ಕಲಕೋಟೆ ಕಡೆ ಪಾಲುದಾರ ಅಂದ್ರ ಅಡತಿ ಅಂಗಡ್ಯಾಗ ರೊಕ್ಕ ಹಾಕಿದಾಂವ. ಅದಕ್ಕೆ 'ಗೃಹ' ಸೇರಿದರೆ ನಡುವೆ ಗೋಡೆ ಎತ್ತಿ ಮನೆ ಹಂಚಿಕೊಂಡ ಅಣ್ಣತಮ್ಮಂದಿರು ನೆನಪಾಗುತ್ತಾರೆ.

ಈ ಪದ ಬಳಕೆಗೆ ಬಂದದ್ದು ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದಲ್ಲಿ. ಮದುವೆಗೆ ಕಾಯದೆಯ ಅವಕಾಶವಿಲ್ಲದ ಸಲಿಂಗಿ ಜೋಡಿಗಳಿಗೂ ನೌಕರರ ಸಂಸಾರಕ್ಕೆ ಸಿಗುವ ಸವಲತ್ತು ಸಿಗಲೆಂದು 1979ರಲ್ಲಿ ನಗರದ ನೌಕರನೊಬ್ಬ ಸೂಚಿಸಿದ. 1984ರಲ್ಲಿ ನಗರಸಭೆ ಒಪ್ಪಿತು. ಮಂತ್ರ, ಲಿಂಗ ಎರಡನ್ನೂ ಬಿಟ್ಟು ಸೂರೊಂದನ್ನೇ ಹಿಡಿದ ಮಾತಿದು. ಆದ್ದರಿಂದ 'ಸಹಧರ್ಮಿಣಿ' ಇಲ್ಲಿ ಹೊಂದದು; ಅದರಲ್ಲಿ ಧರ್ಮವೂ ಇದೆ, ಸ್ತ್ರೀಪ್ರತ್ಯಯವೂ ಇದೆ.

ಸ್ವಾರಸ್ಯವಿರುವುದು 'ದಂಪತಿ'ಯಲ್ಲಿ. ವೇದಭಾಷೆಯಲ್ಲಿ 'ದಮ' ಎಂದರೆ ಮನೆ. ಏಕವಚನದ ದಂಪತಿ ಮನೆಯೊಡೆಯ. ದ್ವಿವಚನದಲ್ಲಿ ಮನೆಯ ಒಡೆಯರಿಬ್ಬರು. ಲ್ಯಾಟಿನ್ನಿನ 'ದೋಮುಸ್', ಅದರಿಂದಾದ 'ಡೊಮೆಸ್ಟಿಕ್' ಇದೇ ಬಳಗದವು. ಮುಂದೆ ವೈಯಾಕರಣರಿಗೆ ಈ ಮನೆ ಮರೆತುಹೋಯಿತು. ರಾಜದಂತಾದಿ ಗಣದಲ್ಲಿ 'ಜಾಯಾ' ಶಬ್ದಕ್ಕೇ 'ದಂ' ಬಂದಿದೆಯೆಂದು ಸಾಧಿಸಿಬಿಟ್ಟರು. ಇಬ್ಬರ ಒಡೆತನ ಹೋಗಿ ಗಂಡ-ಹೆಂಡತಿ ಉಳಿದರು!

ಗಡಿಯ ಭಾಷೆಗಳು ಮಾತ್ರ ಮನೆಯನ್ನು ಬಿಟ್ಟಿಲ್ಲ. ತಮಿಳಿನ 'ಮನೈವಿ', ತೆಲುಗಿನ 'ಇಲ್ಲಾಲು' ಎರಡರಲ್ಲೂ ಮನೆಯಿದೆ; ಆದರೆ ಎರಡೂ ಹೆಣ್ಣಿಗಷ್ಟೇ. ನಮ್ಮ 'ಮನಿಯವರು' ಹಾಗಲ್ಲ, ಆಕಿ ಹೇಳಿದರ ಗಂಡ, ಆಂವ ಹೇಳಿದರ ಹೆಂಡ್ತಿ. ಉಡಿಕಿ ಮಾಡಿಕೊಂಡು ಬಂದಾಕಿನೂ ಮನಿಯಾಕಿನೇ. 'ಇಟಗೊಂಡಾಕಿ'ಗೆ ಮಾತ್ರ ಆ ಮರ್ಯಾದೆ ಇಲ್ಲ.

ಇದು ನಿಘಂಟಿನ ತಕರಾರಷ್ಟೇ ಅಲ್ಲ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯದೆ 'ವಿವಾಹದ ಸ್ವರೂಪದ ಸಂಬಂಧ'ಕ್ಕೂ ರಕ್ಷಣೆ ಕೊಟ್ಟಿತು. ಆದರೆ 2013ರಲ್ಲಿ, ಬೆಂಗಳೂರಿನಿಂದ ಹೋದ ಒಂದು ಮೊಕದ್ದಮೆಯಲ್ಲಿ, ಮದುವೆಯಾದವನೆಂದು ತಿಳಿದೇ ಒಬ್ಬನ ಜೊತೆ ವರ್ಷಗಟ್ಟಲೆ ಬಾಳಿದ ಹೆಂಗಸಿನ ಸಂಬಂಧ ಈ ಸ್ವರೂಪದ್ದಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಆಕೆಗೆ ಜೀವನಾಂಶ ದಕ್ಕಲಿಲ್ಲ. ಆಡುಮಾತಿನ ಎರಡು ಮೆಟ್ಟಿಲೇ ಕೋರ್ಟಿನಲ್ಲೂ ಕಂಡವು.

'ಮನಿಯವರು' ಎಂಬುದನ್ನೇ ಅರ್ಜಿಯಲ್ಲಿ ಬರೆದರೆ ಮದುವೆಯಾದವರೆಂದೇ ಓದಿಕೊಂಡಾರು. 'ಮನೆಸಂಗಾತಿ' ಎನ್ನಬಹುದು. ಸಂಗಾತಿ ಎಂಬುದು ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ಗಡಿಯಾಚೆಗೂ ಈಚೆಗೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.