ಪಿಲಾತ ಕೈ ತೊಳೆದ ನೀರು

ನಮ್ಮೂರ ಚರ್ಚಿನ ಮುಂದೆ ಪ್ರತಿ ವರ್ಷ ಶುಭ ಶುಕ್ರವಾರದ ದಿನ ಯೇಸುಸ್ವಾಮಿಯ ವಿಚಾರಣೆಯನ್ನು ಆಟ ಕಟ್ಟಿ ತೋರಿಸುತ್ತಾರೆ. ನಾನು ಆ ಸಭೆಯವನಲ್ಲ. ಆದರೆ ಬಯಲಾಟದ ಹಿಮ್ಮೇಳದಾಗ ನಲವತ್ತು ವರ್ಷ ಹಾಡಿದವನು ಅಂತ ಹಾರ್ಮೋನಿಯಂ ಹಿಡಿಯೋಕೆ ನನ್ನನ್ನೇ ಕರೀತಾರೆ. ಕೇರಿ ಬೇರೆ ಆದರೂ ಹಾಡು ಒಂದೇ ಅಂತ ನಾನೂ ಹೋಗ್ತೀನಿ.

ಆ ಆಟದಾಗ ಪಿಲಾತನ ವೇಷ ಎಲ್ಲರಿಗಿಂತ ಚೆಂದ. ಬಿಳೀ ಬಟ್ಟೆ, ಕೆಂಪು ಶಲ್ಯ, ಎತ್ತರದ ಕುರ್ಚಿ. ಜನ ಕೂಗ್ತಾರ, ಅವನು ತಲೆ ತಗ್ಗಿಸ್ತಾನ, ಆಳು ತಂಬಿಗೆ ತರ್ತಾನ, ಕೈ ತೊಳೀತಾನ. ಅಲ್ಲಿ ನಾನು ಒಂದು ಶೋಕದ ಧಾಟಿ ಎಳೀತಿದ್ದೆ. ಕೂತವರು "ಪಾಪ, ಅವನಾದ್ರೂ ಏನು ಮಾಡ್ಯಾನು" ಅಂತ ಲೊಚಗುಟ್ಟುತ್ತಿದ್ದರು. ಹೋದ ವರ್ಷ ಆಟ ಮುಗಿದ ಮೇಲೆ ಮುಂದಿನ ಸಾಲಿನಾಗ ಕೂತಿದ್ದ ಒಬ್ಬ ಮುದುಕಿ ನನ್ನ ಹತ್ತಿರ ಬಂದು, "ಅವನು ಕೈ ತೊಳಕಂಡ ನೀರು ಯಾರ ಮೇಲೆ ಬಿತ್ತಪ್ಪ?" ಅಂದಳು. ನಾನು ನಕ್ಕೆ. ಮನೀಗೆ ಬಂದ ಮೇಲೆ ನಗು ಬರಲಿಲ್ಲ.

ಏಳನೇ ತರಗತಿ ಓದಿದವನಿಗೆ ಕನ್ನಡಕ ಒಂದಿದ್ದರೆ ಸಾಕು. ವಾಚನಾಲಯದಾಗ ಕೂತು ನಾಲ್ಕು ಸುವಾರ್ತೆಗಳಲ್ಲಿ ಈ ವಿಚಾರಣೆಯ ಭಾಗವನ್ನು ಪಕ್ಕ ಪಕ್ಕಕ್ಕೆ ಇಟ್ಟು ಓದಿದೆ. ಹಾಡುಗಾರನಿಗೆ ಇದು ಹೊಸದಲ್ಲ. ಒಂದೇ ಪ್ರಸಂಗವನ್ನು ನಾಲ್ಕು ಮಂದಿ ಮಾಸ್ತರರು ಕಲಿಸಿದರೆ ನಾಲ್ಕು ಥರ ಆಗ್ತದ. ಮಾರ್ಕನದು ಚಿಕ್ಕದು, ಅವಸರದ್ದು. ಲೂಕ ಒಬ್ಬನೇ ಯೇಸುವನ್ನು ನಡುವೆ ಹೆರೋದನ ಹತ್ತಿರ ಕಳಿಸಿ ತಿರುಗಿ ಕರೆಸ್ತಾನ. ಯೋಹಾನನಲ್ಲಿ ಮಾತುಕತೆ ಉದ್ದ. ಕೈ ತೊಳೆಯೋದು ಮಾತ್ರ ಮತ್ತಾಯನಲ್ಲಿ ಬಿಟ್ಟು ಬೇರೆ ಎಲ್ಲೂ ಇಲ್ಲ, 27ನೇ ಅಧ್ಯಾಯದ ಒಂದೇ ಒಂದು ವಚನದಲ್ಲಿ ಐತಿ. ನಾವು ಆ ಒಂದು ವಚನವನ್ನು ಹಿಡಿದು ಇಡೀ ಪಿಲಾತನನ್ನು ಕಟ್ಟಿದ್ದೀವಿ.

ಮೊದಲು ಲೂಕನನ್ನು ನೋಡೋಣ. ಅಲ್ಲಿ ಪಿಲಾತ ಮೂರು ಸಲ ಇವನಲ್ಲಿ ತಪ್ಪಿಲ್ಲ ಅಂತಾನ. ನಾವು ಇದನ್ನು ಅವನ ಒಳ್ಳೇತನಕ್ಕೆ ಸಾಕ್ಷಿ ಅಂತ ತಿಳಿದಿದ್ದೆವು. ಆದರೆ ಅದೇ ಬಾಯಲ್ಲಿ, ಹೊಡೆಸಿ ಬಿಟ್ಟುಬಿಡ್ತೀನಿ ಅಂತಲೂ ಹೇಳ್ತಾನ. ತಪ್ಪಿಲ್ಲದವನಿಗೆ ಹೊಡೆತ ಯಾಕೆ? ಜನರ ಸಿಟ್ಟು ಇಳಿಯಲಿ ಅಂತ. ಅಂದರೆ ನ್ಯಾಯವನ್ನು ಅವನು ಆಗಲೇ ಚೌಕಾಶಿಗೆ ಇಟ್ಟಾಗಿತ್ತು. ಸಂತೆಯಲ್ಲಿ ದನದ ರೇಟು ಒಮ್ಮೆ ಇಳಿಸಿದವನು ಇನ್ನೂ ಇಳಿಸ್ತಾನ ಅಂತ ಕೊಳ್ಳೋರಿಗೆ ಗೊತ್ತು. ಜನರಿಗೂ ಗೊತ್ತಾಯಿತು. ಮೂರು ಸಲ ನಿರಪರಾಧಿ ಅನ್ನೋದು ಅವನನ್ನು ಪಾರು ಮಾಡೋದಿಲ್ಲ, ಗೊತ್ತಿದ್ದೂ ಕೊಟ್ಟ ಅಂತ ಮೂರು ಸಲ ಬರೆದಿಡ್ತದ.

ಯೋಹಾನನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲು. ದೂರು ತಂದವರು ಪಸ್ಕಹಬ್ಬದ ಮಡಿ ಕೆಡಬಾರದು ಅಂತ ಅರಮನೆಯೊಳಗೆ ಕಾಲಿಡೋದಿಲ್ಲ. ಯೇಸು ಒಳಗ, ಜನ ಹೊರಗ. ನಡುವೆ ಪಿಲಾತ. ನಾನು ಎಣಿಸಿದೆ, ನಾಲ್ಕು ಸಲ ಹೊರಗ ಬರ್ತಾನ. ಒಳಗ ಹೋದಾಗ ಸತ್ಯದ ಮಾತು ಬರ್ತದ. ಸತ್ಯ ಅಂದರೆ ಏನು ಅಂತ ಕೇಳ್ತಾನ, ಉತ್ತರಕ್ಕೆ ನಿಲ್ಲೋದಿಲ್ಲ, ಹೊರಗ ಹೊರಟು ಬಿಡ್ತಾನ. ಆಟ ಆಡಿಸಿದವನಿಗೆ ಇದು ತಿಳೀತದ: ಪ್ರಶ್ನೆ ಕೇಳಿ ಬೆನ್ನು ತಿರುಗಿಸಿದ ಪಾತ್ರಕ್ಕೆ ಉತ್ತರ ಬೇಕಾಗಿಲ್ಲ. ಕೊನೆಗೆ ಹೊರಗಿನವರು, ಇವನನ್ನು ಬಿಟ್ಟರೆ ನೀನು ಕೈಸರನ ಗೆಳೆಯನಲ್ಲ ಅನ್ನೋ ಅರ್ಥದ ಮಾತು ಎಸೀತಾರ. ಕೈಸರ ಅಂದರೆ ರೋಮಿನ ಚಕ್ರವರ್ತಿ, ಅವನನ್ನು ಆ ಹುದ್ದೆಗೆ ಇಟ್ಟವನು. ಆ ಮಾತು ಕೇಳಿದ ಮೇಲೆ ಅವನು ನ್ಯಾಯದ ಪೀಠದ ಮೇಲೆ ಕೂಡ್ತಾನ. ಅಲ್ಲೀತನಕ ಓಡಾಡಿದ ಕಾಲು ನಿಂತದ್ದು ಕುರ್ಚಿ ಅಲುಗಾಡಿದಾಗ.

ಇನ್ನು ಆ ನೀರು. ಮತ್ತಾಯ ಹಳೇ ಒಡಂಬಡಿಕೆಯನ್ನು ಹೆಜ್ಜೆ ಹೆಜ್ಜೆಗೂ ನೆನೆಯುವವನು. ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಐತಿ. ಹೊಲದಲ್ಲಿ ಕೊಲೆಯಾದವನ ಹೆಣ ಸಿಕ್ಕು, ಕೊಂದವನು ಯಾರಂತ ತಿಳಿಯದಿದ್ದರೆ, ಸುತ್ತಲಿನ ಊರುಗಳಿಗೆ ದೂರ ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಹಿರಿಯರು ನೊಗ ಹೊರದ ಕಡಸನ್ನು ನೀರು ಹರಿಯುವ ಹಳ್ಳಕ್ಕೆ ಒಯ್ದು ಬಲಿ ಕೊಟ್ಟು, ಅದರ ಮೇಲೆ ಕೈ ತೊಳೀಬೇಕು. ಈ ರಕ್ತ ನಮ್ಮ ಕೈ ಸುರಿಸಿದ್ದಲ್ಲ, ನಮ್ಮ ಕಣ್ಣು ಕಂಡದ್ದೂ ಅಲ್ಲ ಅಂತ ಹೇಳಬೇಕು. ನೋಡ್ರಿ, ಕೈ ತೊಳೆಯೋ ಹಕ್ಕು ಯಾರಿಗೆ ಐತಿ? ಕೊಲ್ಲದವರಿಗೆ, ನೋಡದವರಿಗೆ. ಅಷ್ಟಾದರೂ ಊರು ಹತ್ತಿರ ಐತಿ ಅನ್ನೋ ಒಂದೇ ಕಾರಣಕ್ಕೆ ಅವರು ಹೊಣೆ ಹೊತ್ತು ಹಳ್ಳಕ್ಕೆ ಹೋಗಬೇಕು. ಪಿಲಾತನೋ, ಕಣ್ಣಾರೆ ಕಂಡವನು, ತಾನೇ ಅಪ್ಪಣೆ ಕೊಡಬೇಕಾದವನು. ಹೊಣೆ ಹೊರುವವರ ನೀರನ್ನು ಅವನು ಹೊಣೆ ಇಳಿಸೋಕೆ ಬಳಸಿದ. ತೊಳೆದ ಮೇಲೆ ಏನು ಮಾಡಿದ? ಯೇಸುವನ್ನು ಹೊಡೆಸಿ ಶಿಲುಬೆಗೆ ಒಪ್ಪಿಸಿದ. ಮೊಳೆ ಹೊಡೆದ ಸಿಪಾಯಿಗಳು ಅವನ ಕೈಕೆಳಗಿನವರೇ.

ಇಲ್ಲಿ ಒಂದು ಆಕ್ಷೇಪಣೆ ಬರ್ತದ. ಪಿಲಾತನನ್ನು ಹಳಿದರೆ ಕೂಗಿದ ಜನರ ತಪ್ಪು ಸಣ್ಣದಾಗೋದಿಲ್ಲವೇ? ಆಗೋದಿಲ್ಲ. ಕೂಗಿದವರ ತಪ್ಪು ಕೂಗಿದವರದು. ಆದರೆ ಆ ಅಂಗಳದಾಗ ಕೂಗಿದ ಗುಂಪು ಇಡೀ ಯೆಹೂದ್ಯ ಜನಾಂಗ ಅಲ್ಲ. ಯೇಸು ಯೆಹೂದ್ಯ, ತಾಯಿ ಯೆಹೂದ್ಯಳು, ಎದೆ ಬಡಿದುಕೊಂಡು ಹಿಂದೆ ನಡೆದ ಹೆಂಗಸರೂ ಅದೇ ಊರವರು. ಮತ್ತಾಯನ ಆ ಭಾಗವನ್ನು ಹಿಡಿದು ನೂರಾರು ವರ್ಷ ಯುರೋಪಿನಲ್ಲಿ ಯೆಹೂದ್ಯರನ್ನು ಹಿಂಸಿಸಿದರು. 1965ರಲ್ಲಿ ವ್ಯಾಟಿಕನ್ ಮಹಾಸಭೆ ಆ ಸಾವಿನ ದೋಷವನ್ನು ಆ ಕಾಲದ ಎಲ್ಲ ಯೆಹೂದ್ಯರ ಮೇಲೂ, ಈ ಕಾಲದವರ ಮೇಲೂ ಹೊರಿಸಬಾರದು ಅಂತ ತೀರ್ಮಾನ ಮಾಡಿತು. ಶಿಲುಬೆ ರೋಮನರ ಶಿಕ್ಷೆ. ಅದಕ್ಕೆ ನಮ್ಮ ಆಟದಾಗ ಗುಂಪಿನವರಿಗೆ ಕರೀ ಬಟ್ಟೆ, ಪಿಲಾತನಿಗೆ ಬಿಳೀ ಬಟ್ಟೆ ಕೊಡೋದು ತಪ್ಪು ಅಂತ ನನ್ನ ಅಭಿಪ್ರಾಯ.

ಯೋಹಾನ ಇನ್ನೊಂದು ಸಂಗತಿ ಹೇಳ್ತಾನ. ಶಿಲುಬೆಯ ಮೇಲೆ ಪಿಲಾತ ಮೂರು ಭಾಷೆಯಲ್ಲಿ ಬೋರ್ಡು ಬರೆಸಿದ: ಹೀಬ್ರೂ, ಲ್ಯಾಟಿನ್, ಗ್ರೀಕ್. ಗಡಿಯಾಗ ಇರೋ ನಮಗೆ ಮೂರು ಭಾಷೆಯ ಬೋರ್ಡು ಅಂದರೆ ಏನಂತ ಗೊತ್ತು, ಎಲ್ಲರಿಗೂ ತಿಳೀಲಿ ಅಂತ ಸರ್ಕಾರ ಹಾಕೋದು. ಯಾಜಕರು ಬಂದು ಬರಹ ತಿದ್ದು ಅಂದರು. ಅವನು ಬರೆದದ್ದು ಬರೆದಾಯಿತು ಅಂತ ಒಪ್ಪಲಿಲ್ಲ. ಒಂದು ಜೀವದ ಸಲುವಾಗಿ ನಿಲ್ಲಲಾರದವನು ಒಂದು ಹಲಗೆಯ ಸಲುವಾಗಿ ನಿಂತ! ನಿಲ್ಲೋ ಶಕ್ತಿ ಅವನಲ್ಲಿ ಇತ್ತು. ಇದನ್ನು ಓದಿದ ಮೇಲೆ "ಅವನಾದ್ರೂ ಏನು ಮಾಡ್ಯಾನು" ಅನ್ನೋ ಮಾತು ನನ್ನ ಬಾಯಿಂದ ಹೊರಡೋದಿಲ್ಲ.

ಆ ಇಡೀ ಬೆಳಗಿನಾಗ ಯೇಸುವಿನ ಪರವಾಗಿ ಪಿಲಾತನಿಗೆ ಮಾತು ಮುಟ್ಟಿಸಿದವಳು ಒಬ್ಬಳೇ, ಅವನ ಹೆಂಡತಿ. ಕನಸು ಕಂಡು, ಆ ನೀತಿವಂತನ ಗೊಡವೆಗೆ ಹೋಗಬೇಡ ಅಂತ ಹೇಳಿ ಕಳಿಸ್ತಾಳ. ಇದೂ ಮತ್ತಾಯನಲ್ಲೇ ಐತಿ, ನೀರಿನ ಸಂಗತಿಗಿಂತ ಮುಂಚೆ. ನಮ್ಮ ಹುಡುಗರು ಹೊತ್ತಾಗ್ತದ ಅಂತ ಈ ಪಾತ್ರವನ್ನೇ ಕತ್ತರಿಸ್ತಾರ. ಅದನ್ನು ಕತ್ತರಿಸಿದರೆ ಪಿಲಾತನಿಗೆ ಯಾರೂ ಹೇಳಲಿಲ್ಲ ಅನ್ನಿಸ್ತದ. ಹೇಳಿದ್ದರು.

ಚರ್ಚಿನವರು ಒಪ್ಪಿಹೇಳುವ ವಿಶ್ವಾಸಪ್ರಮಾಣದಲ್ಲಿ ಯೇಸುವಿನ ಹೆಸರು, ತಾಯಿ ಮರಿಯಳ ಹೆಸರು ಬಿಟ್ಟರೆ ಮನುಷ್ಯರ ಹೆಸರು ಇನ್ನೊಂದೇ: ಪೊಂತ್ಯ ಪಿಲಾತ. ಹಿಡಿದುಕೊಟ್ಟ ಯೂದನ ಹೆಸರಿಲ್ಲ, ಕಾಯಫನ ಹೆಸರಿಲ್ಲ. ಆ ನೀರು ಈ ಹೆಸರನ್ನು ತೊಳೀಲಿಲ್ಲ.

ಇಷ್ಟು ಬರೆದು ನನ್ನದನ್ನು ಮುಚ್ಚಿಟ್ಟರೆ ನಾನೂ ತಂಬಿಗೆ ಹಿಡಿದವನೇ. ಇಪ್ಪತ್ತು ವರ್ಷದ ಹಿಂದೆ ಊರಲ್ಲಿ ಒಂದು ಬದುವಿನ ಪಂಚಾಯ್ತಿ ಆಯಿತು. ಗಂಡ ಸತ್ತ ಹೆಂಗಸಿನ ಹೊಲ. ಬಾಂದುಕಲ್ಲು ಎಲ್ಲಿತ್ತು ಅಂತ ನನಗೆ ಗೊತ್ತಿತ್ತು, ಪಕ್ಕದಾಗ ನನ್ನ ಹೊಲ ಐತಿ, ನೇಗಿಲು ಆ ಕಲ್ಲಿಗೆ ಎಷ್ಟೋ ಸಲ ತಾಕಿತ್ತು. ಎದುರಿಗಿದ್ದವರು ದೊಡ್ಡವರು. ಅವರ ಬೋರಿನ ನೀರು ನನ್ನ ಹತ್ತಿಗೆ ಬೇಕಾಗಿತ್ತು. ನಾನು ಸುಳ್ಳು ಹೇಳಲಿಲ್ಲ. "ಹಿರಿಯರು ಹೆಂಗ ಹೇಳಿದರ ಹಂಗ, ನನಗ ಯಾಕ" ಅಂತ ರುಜು ಹಾಕಿ ಎದ್ದು ಬಂದೆ. ಸುಳ್ಳು ಹೇಳಲಿಲ್ಲ ಅನ್ನೋದನ್ನೇ ಇಷ್ಟು ವರ್ಷ ಪುಣ್ಯ ಅಂದುಕೊಂಡಿದ್ದೆ. ಆಕೆ ನಾಲ್ಕು ಗುಂಟೆ ಕಳಕೊಂಡಳು.

ಹೋದ ವರ್ಷ ನೀರು ಯಾರ ಮೇಲೆ ಬಿತ್ತು ಅಂತ ಕೇಳಿದ ಮುದುಕಿ ಆಕೆಯೇ. ನನ್ನನ್ನು ಚುಚ್ಚೋಕೆ ಕೇಳಿದಳೋ, ಆಟ ನೋಡಿ ಕೇಳಿದಳೋ, ನಾನು ವಿಚಾರಿಸಲಿಲ್ಲ. ಈ ಸುಗ್ಗಿ ಮುಗಿದ ಮೇಲೆ ಆಕೆಯ ಮಗನನ್ನು ಬದುವಿಗೆ ಕರಕೊಂಡು ಹೋಗಿ ಕಲ್ಲು ಇದ್ದ ಜಾಗ ತೋರಿಸಿದೆ. ಸರ್ವೆಯವರು ಬಂದರೆ ಸಾಕ್ಷಿ ಹೇಳ್ತೀನಿ ಅಂತ ಮಾತು ಕೊಟ್ಟೆ. ಬೋರಿನ ನೀರು ಈಗ ನನ್ನ ಹೊಲಕ್ಕೆ ಬರೋದಿಲ್ಲ.

ಮುಂದಿನ ವರ್ಷ ಆಡುವ ಹುಡುಗರಿಗೆ ನನ್ನದು ಮೂರು ಬೇಡಿಕೆ. ಹೆಂಡತಿಯ ಪಾತ್ರ ಇರಲಿ. ಬೋರ್ಡಿನ ಸಂಗತಿ ಸೇರಿಸಿರಿ. ಪಿಲಾತ ಕೈ ತೊಳೆಯುವಾಗ ನಾನು ಹಾರ್ಮೋನಿಯಂ ನುಡಿಸೋದಿಲ್ಲ, ಹಾಡೋದೂ ಇಲ್ಲ. ನೀರು ನೆಲಕ್ಕೆ ಬೀಳೋ ಸಪ್ಪಳ ಹಿಂದಿನ ಸಾಲಿನವರಿಗೂ ಕೇಳಲಿ.